ಎರಡನೇ ಮಾನಿಟರ್‌ಗೆ ಹೊಸ ಕಂಪ್ಯೂಟರೇ ಬೇಕೇ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು. ಮನೆಯಲ್ಲೇ ಕೂತು ಹದಿನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಅವರ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಎಕ್ಸೆಲ್, ಮಧ್ಯೆ ಜಿಎಸ್‌ಟಿ ಪೋರ್ಟಲ್. ಅತ್ತಿಂದಿತ್ತ ವಿಂಡೋ ಬದಲಾಯಿಸಿ ಬದಲಾಯಿಸಿ ಕಣ್ಣು, ಕೈ ಎರಡೂ ಸೋತಿವೆ. ಎರಡು ಮಾನಿಟರ್ ಹಾಕಿಕೊಳ್ಳೋಣ ಅಂತ ಆಸೆ. ನನ್ನ ಕಂಪ್ಯೂಟರ್ 2017ರಲ್ಲಿ ಅಸೆಂಬಲ್ ಮಾಡಿಸಿದ್ದು: ಐ3-7100, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10, ನೀಲಿ ಪಿನ್ನಿನ 18.5 ಇಂಚಿನ ಮಾನಿಟರ್. ಈಚೆಗೆ ತುಂಬಾ ನಿಧಾನ. ಎಸ್‌.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ವಿಚಾರಿಸಿದರೆ, ಹಳೆಯದರಲ್ಲಿ ಎರಡು ಮಾನಿಟರ್ ಬರುವುದಿಲ್ಲ ಎಂದು 61,000 ರೂಪಾಯಿಯ ಕೊಟೇಶನ್ ಕೊಟ್ಟರು: ಐ5-12400ಎಫ್ ಇರುವ ಹೊಸ ಸಿಪಿಯು, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, 27 ಇಂಚಿನ ಎರಡು ಮಾನಿಟರ್. ನನ್ನ ಕೈಯಲ್ಲಿರುವುದು 35,000. ಐನೂರು ರೂಪಾಯಿಯ ಸ್ಪ್ಲಿಟರ್ ಹಾಕಿದರೆ ಸಾಕು ಅನ್ನುತ್ತಾನೆ ಮೈದುನ. ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅನ್ನುತ್ತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳಲಿ? ಸಿಪಿಯು ಹಿಂಭಾಗದ ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಷ್ಟಗಳಿವೆ. ಪರದೆಯ ಮೇಲೆ ಜಾಗ ಸಾಲುತ್ತಿಲ್ಲ ಅನ್ನುವುದು ಒಂದು, ಕಂಪ್ಯೂಟರ್ ನಿಧಾನವಾಗಿದೆ ಅನ್ನುವುದು ಇನ್ನೊಂದು. ಅಂಗಡಿಯವರು ಎರಡನ್ನೂ ಒಟ್ಟು ಸೇರಿಸಿ ಒಂದೇ ಬಿಲ್ ಮಾಡಿದ್ದಾರೆ. ಇವೆರಡರ ಕಾರಣ ಬೇರೆ, ಖರ್ಚೂ ಬೇರೆ. ಬಿಡಿಸಿ ನೋಡಿದರೆ ನಿಮ್ಮ 35,000ದಲ್ಲಿ ಕೆಲಸ ಆಗುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರದ ಕೊನೆಯಲ್ಲಿ ನಿಮ್ಮ ಆತಂಕ ಎದ್ದು ಕಾಣುತ್ತಿದೆ.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ಕೀಬೋರ್ಡಿನ ನೇರಳೆ ತೂತು, ಅದರ ಕೆಳಗೆ ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿರುವ ಯುಎಸ್‌ಬಿ. ಅದರ ಪಕ್ಕದಲ್ಲೇ ಎರಡು ಸ್ಕ್ರೂ ಬಿಗಿದ ನೀಲಿ ವಿಜಿಎ ಪಿನ್. ಈಗ ನಿಮ್ಮ ಮಾನಿಟರ್ ಇರುವುದು ಅದರಲ್ಲಿ. ನೀಲಿ ಪಿನ್ನಿನ ಕೆಳಗೆ, ಧೂಳು ಮೆತ್ತಿಕೊಂಡ ಒಂದು ಚಪ್ಪಟೆ ತೂತಿದೆ ನೋಡಿ. ಮೇಲಂಚು ಅಗಲ, ಕೆಳಗಿನ ಎರಡು ಮೂಲೆ ಒಳಗೆ ಬಾಗಿವೆ. ಅದು ಎಚ್‌ಡಿಎಂಐ. ಎಂಟು ವರ್ಷದಿಂದ ಅದರೊಳಗೆ ಯಾರೂ ವೈರ್ ಹಾಕಿದ ಹಾಗೆ ಕಾಣುವುದಿಲ್ಲ.

ಐ3-7100 ಪ್ರೊಸೆಸರಿನ ಒಳಗೇ ಎಚ್‌ಡಿ ಗ್ರಾಫಿಕ್ಸ್ 630 ಎಂಬ ಚಿತ್ರಭಾಗ ಇದೆ. ಅದು ಒಂದೇ ಸಲಕ್ಕೆ ಮೂರು ಪರದೆಗಳಿಗೆ ಬೇರೆ ಬೇರೆ ಚಿತ್ರ ಕಳಿಸಬಲ್ಲದು. ಎಷ್ಟು ಪರದೆ ಹಾಕಬಹುದು ಎನ್ನುವುದು ಮದರ್‌ಬೋರ್ಡಿನವರು ಹಿಂದೆ ಎಷ್ಟು ಪೋರ್ಟ್ ಕೊಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ನಿಮಗೆ ಎರಡು ಕೊಟ್ಟಿದ್ದಾರೆ. ಅಂದರೆ ಎರಡು ಮಾನಿಟರಿನ ಕಂಪ್ಯೂಟರ್ ನಿಮ್ಮ ಮನೆಯಲ್ಲಿ ಆಗಲೇ ಇದೆ.

ನನ್ನ ಮಾತನ್ನು ಹಾಗೇ ನಂಬಬೇಡಿ, ಇವತ್ತು ಸಂಜೆ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲದ ಪರೀಕ್ಷೆ. ಸೆಟ್-ಟಾಪ್ ಬಾಕ್ಸಿನಿಂದ ಟಿವಿಗೆ ಹೋಗಿರುವ ಎಚ್‌ಡಿಎಂಐ ವೈರನ್ನು ಬಿಚ್ಚಿ ತನ್ನಿ. ಟಿವಿ ದೂರ ಇದ್ದರೆ ಸಿಪಿಯುವನ್ನೇ ಹಾಲಿಗೆ ಹೊತ್ತುಕೊಂಡು ಹೋಗಿ. ಹಳೆಯ ಮಾನಿಟರ್ ನೀಲಿ ಪಿನ್ನಿನಲ್ಲೇ ಇರಲಿ, ಟಿವಿಯನ್ನು ಎಚ್‌ಡಿಎಂಐಗೆ ಹಾಕಿ ಆನ್ ಮಾಡಿ. ಟಿವಿಯ ರಿಮೋಟಿನಲ್ಲಿ ಆ ಎಚ್‌ಡಿಎಂಐ ಇನ್‌ಪುಟ್ ಆರಿಸಿ. ಆಮೇಲೆ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. 'ಎಕ್ಸ್‌ಟೆಂಡ್' ಅನ್ನುವುದನ್ನು ಒತ್ತಿ. ಮೌಸನ್ನು ಮಾನಿಟರಿನ ಬಲ ಅಂಚಿನಿಂದಾಚೆ ತಳ್ಳಿದರೆ ಬಾಣ ಟಿವಿಯೊಳಗೆ ಹೋಗಬೇಕು. ಹೋಯಿತೋ, ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಇದೇ ನಾಲ್ಕು ಆಯ್ಕೆಗಳಲ್ಲಿ ನಿಮ್ಮ ಮೈದುನನ ಮಾತಿಗೂ ಉತ್ತರ ಇದೆ. 'ಡುಪ್ಲಿಕೇಟ್' ಎಂದು ಇನ್ನೊಂದು ಆಯ್ಕೆ ಕಾಣುತ್ತದಲ್ಲ, ಸ್ಪ್ಲಿಟರ್ ಮಾಡುವುದು ಅಷ್ಟನ್ನೇ. ಬಂದ ಒಂದೇ ಚಿತ್ರವನ್ನು ಎರಡು ಕಡೆಗೆ ಹಂಚುತ್ತದೆ. ಮೊಬೈಲ್ ಅಂಗಡಿಗಳಲ್ಲಿ ಗೋಡೆಯ ತುಂಬಾ ಒಂದೇ ಜಾಹೀರಾತು ಓಡುತ್ತದೆ ನೋಡಿ, ಅಂಥ ಕಡೆಗೆ ಅದು ಸರಿ. ಎಡಕ್ಕೆ ಟ್ಯಾಲಿ, ಬಲಕ್ಕೆ ಎಕ್ಸೆಲ್ ಬೇಕೆನ್ನುವ ನಿಮಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಯುಎಸ್‌ಬಿಯಿಂದ ಎಚ್‌ಡಿಎಂಐ ಮಾಡುವ ಅಡಾಪ್ಟರ್ ಬೇರೆ ವಸ್ತು. ಅದು ನಿಜವಾಗಿಯೂ ಎರಡನೇ ಪರದೆ ಕೊಡುತ್ತದೆ. ಆದರೆ ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕಬೇಕು, ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊರೆ ಪ್ರೊಸೆಸರಿನ ಮೇಲೆ ಬೀಳುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ನಾನು ಅದನ್ನು ಹಾಕಿಸುತ್ತೇನೆ. ನಿಮಗೆ ದಾರಿ ಇದೆ.

ಇನ್ನು ಕೊಟೇಶನ್. ಅದರಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು 12400ರ ಪಕ್ಕದ 'ಎಫ್' ಅಕ್ಷರಕ್ಕೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗಿನ ಚಿತ್ರಭಾಗ ಕೆಲಸ ಮಾಡುವುದಿಲ್ಲ ಎಂದರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ ಇದ್ದರೂ ಅದರಿಂದ ಏನೂ ಬರುವುದಿಲ್ಲ, ಕಾರ್ಡ್ ಹಾಕಲೇಬೇಕು. ದೊಡ್ಡ ಕಾರ್ಡ್ ಹಾಕಿ ಗೇಮ್ ಆಡುವವರಿಗೆ ಎಫ್ ಒಳ್ಳೆಯ ಆಯ್ಕೆ, ಸ್ವಲ್ಪ ದುಡ್ಡು ಉಳಿಯುತ್ತದೆ. ನಿಮ್ಮಂಥವರಿಗೆ ಎಫ್ ಕೊಟ್ಟು, ಅದರ ಕೊರತೆ ತುಂಬಲು ಕಾರ್ಡ್ ಸೇರಿಸುವುದು ಅನಗತ್ಯ ಖರ್ಚು. ಬರೀ 12400 ಅಥವಾ ಐ3-12100 ಕೇಳಿದ್ದರೆ ಆ ಸಾಲೇ ಬಿಲ್ಲಿನಿಂದ ಹೋಗುತ್ತಿತ್ತು. ಇನ್ನೊಂದು ಕಂಪನಿ ಎಎಂಡಿಯ ಕೆಲವು ಪ್ರೊಸೆಸರುಗಳಲ್ಲಿ ಇದು ತಿರುಗುಮುರುಗು: ರೈಜನ್ 5 5600ರಲ್ಲಿ ಚಿತ್ರಭಾಗ ಇಲ್ಲ, 5600ಜಿಯಲ್ಲಿ ಇದೆ.

ಈ ಒಂದು ಅಕ್ಷರ ಮನೆಗಳಲ್ಲಿ ಎಷ್ಟು ಗೋಳು ಹೊಯ್ದುಕೊಂಡಿದೆ ಎಂದು ಕಣ್ಣಾರೆ ಕಂಡಿದ್ದೇನೆ. ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರು ಒಂದು ಅಂಗಡಿಯಿಂದ ಬಿಡಿಭಾಗ ತಂದು ಮಗನ ಕೈಲಿ ಜೋಡಿಸಿದ್ದರು. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಪರದೆ ಮಾತ್ರ ಕಪ್ಪು. ಮೂರು ದಿನ ವೈರ್ ಬದಲಿಸಿದ್ದಾರೆ, ಮಾನಿಟರನ್ನೇ ವಾಪಸ್ ಕೊಡಲು ಹೊರಟಿದ್ದರು. ಪ್ರೊಸೆಸರಿನ ಖಾಲಿ ಡಬ್ಬ ಕೇಳಿ ತರಿಸಿಕೊಂಡು ನೋಡಿದರೆ, ಹೆಸರಿನ ಕೊನೆಗೆ ಎಫ್. ಅವರದ್ದೂ ತಪ್ಪಲ್ಲ, ಹುಡುಗನದ್ದೂ ತಪ್ಪಲ್ಲ. ಮಾರಿದವರು ಒಂದು ಮಾತು ಹೇಳಬೇಕಿತ್ತು.

ಜಿಟಿ 730 ಬಗ್ಗೆಯೂ ಬಿಡಿಸಿ ಹೇಳಬೇಕು. '4 ಜಿಬಿ' ಎಂಬ ಸಂಖ್ಯೆ ನೋಡಿ ಜನ ಮಾರುಹೋಗುತ್ತಾರೆ. ಲೆಕ್ಕ ನಿಮ್ಮ ಕಸುಬು, ನೀವೇ ನೋಡಿ. ಒಂದು ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಒಂದೊಂದು ಚುಕ್ಕೆಯ ಬಣ್ಣಕ್ಕೆ 4 ಬೈಟ್. ಅಲ್ಲಿಗೆ ಒಂದು ಪರದೆಯ ಚಿತ್ರ ಹಿಡಿದಿಡಲು ಸುಮಾರು 8 ಎಂಬಿ, ಎರಡು ಪರದೆಗೆ 16 ಎಂಬಿ. 4 ಜಿಬಿ ಅಂದರೆ ಅದರ 256 ಪಟ್ಟು. ಬ್ರೌಸರ್, ವಿಂಡೋಸ್ ತಮ್ಮ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬಳಸಿಕೊಳ್ಳುತ್ತವೆ ನಿಜ, ಕೆಲವು ನೂರು ಎಂಬಿ. ಆದರೂ ಟ್ಯಾಲಿಗೂ ಎಕ್ಸೆಲ್‌ಗೂ ಈ ಕಾರ್ಡು ಮೂಗಿಗಿಂತ ಮೂಗುತಿ ಭಾರ ಎಂಬಂತೆ. ಮೇಲಾಗಿ ಈ ಕಾರ್ಡ್ 2014ರದ್ದು. ಎನ್‌ವಿಡಿಯಾ ಈ ತಲೆಮಾರಿನ ಕಾರ್ಡುಗಳಿಗೆ ಹೊಸ ಡ್ರೈವರ್ ಕೊಡುವುದನ್ನು 2021ರಲ್ಲೇ ನಿಲ್ಲಿಸಿತು, ಭದ್ರತಾ ತಿದ್ದುಪಡಿಯೂ 2024ಕ್ಕೆ ಮುಗಿಯಿತು. ಹೊಸ ಕಂಪ್ಯೂಟರಿಗೆ ಇದನ್ನು ಹಾಕಿಸಿಕೊಳ್ಳಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಕಾರ್ಡ್ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ. ಹಳೆಯ ಬೋರ್ಡಿನಲ್ಲಿ ನೀಲಿ ಪಿನ್ ಒಂದೇ ಇದ್ದರೆ, ಮೂರು-ನಾಲ್ಕು ಮಾನಿಟರ್ ಬೇಕಾದರೆ, ವಿಡಿಯೊ ಎಡಿಟಿಂಗ್, ಕ್ಯಾಡ್, ಗೇಮ್ ಇದ್ದರೆ. ಬರೀ ಪರದೆಯ ಸಂಖ್ಯೆ ಹೆಚ್ಚಿಸಬೇಕಿದ್ದರೆ ಬಳಸಿದ ಕ್ವಾಡ್ರೊ ಪಿ400 ಅಥವಾ ಪಿ620 ಹುಡುಕುವುದು ಮೇಲು. ಮೊದಲನೆಯದಕ್ಕೆ ಮೂರು ಪರದೆ, 30 ವ್ಯಾಟ್. ಎರಡನೆಯದಕ್ಕೆ ನಾಲ್ಕು, 40 ವ್ಯಾಟ್. ಅವುಗಳಲ್ಲಿರುವುದು ಮಿನಿ ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಬಗೆಯ ಪುಟ್ಟ ತೂತು, ಆದ್ದರಿಂದ ಕನ್ವರ್ಟರಿನ ಖರ್ಚು ಸೇರಿಸಿಕೊಳ್ಳಬೇಕು. ಕಾರ್ಡ್ ಹಾಕಿಸಿದ ಮೇಲೆ ಮಾನಿಟರಿನ ವೈರ್ ಕಾರ್ಡಿಗೇ ಹೋಗಬೇಕು. 'ಡಿಸ್‌ಪ್ಲೇ ಬರ್ತಿಲ್ಲ' ಎಂದು ಬರುವ ಕರೆಗಳಲ್ಲಿ ಎಷ್ಟೋ ಸಲ, ವೈರ್ ಅಭ್ಯಾಸಬಲದಿಂದ ಮದರ್‌ಬೋರ್ಡಿನಲ್ಲೇ ಉಳಿದಿರುತ್ತದೆ.

ಈಗ ನಿಧಾನದ ವಿಷಯ. ಎರಡನೇ ಮಾನಿಟರ್ ಹಾಕಿದರೆ ಇನ್ನಷ್ಟು ನಿಧಾನ ಆಗುತ್ತದೆಯೇ ಎಂಬ ಭಯ ಅನೇಕರಿಗಿದೆ. ಪರದೆ ಹೆಚ್ಚಾದ ಮಾತ್ರಕ್ಕೆ ಆಗುವ ಹೊರೆ ತೀರಾ ಸಣ್ಣದು. ಆದರೆ ಪರದೆ ಎರಡಾದರೆ ನಾವು ತೆರೆದಿಡುವ ಕಡತಗಳೂ ಹೆಚ್ಚುತ್ತವೆ, ಅದು ರ‍್ಯಾಮಿಗೆ ಹೊರೆ. ನಿಮ್ಮ 4 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡು, ಪ್ರೊಸೆಸರಿನ ಚಿತ್ರಭಾಗವೂ ಅದರಲ್ಲೇ ಒಂದಿಷ್ಟು ಎರವಲು ಪಡೆದ ಮೇಲೆ, ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರಕ್ಕೂ ಉಳಿಯುವುದು ಬಹಳ ಕಡಿಮೆ. ಸಾಲದೆ ಬಂದದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಬರೆಯುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ತಿರುಗುವ ತಟ್ಟೆಯ ಡಿಸ್ಕಿಗೆ ಈ ಓಡಾಟ ಆಗಿಬರುವುದಿಲ್ಲ. ನೀವು ಎಕ್ಸೆಲ್‌ನಿಂದ ಟ್ಯಾಲಿಗೆ ಬಂದಾಗ ಪರದೆ ಒಂದೆರಡು ಕ್ಷಣ ಬಿಳುಚಿಕೊಂಡು ನಿಲ್ಲುತ್ತದಲ್ಲ, ಸಿಪಿಯುವಿನ ಕೆಂಪು ದೀಪ ಬಿಡದೆ ಮಿನುಗುತ್ತದಲ್ಲ, ಆಗ ನಡೆಯುತ್ತಿರುವುದು ಇದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಕೆಲಸದ ಮಧ್ಯೆ ಒಮ್ಮೆ ತೆರೆದು ನೋಡಿ: ಮೆಮೊರಿ 90ರ ಮೇಲೆ, ಡಿಸ್ಕ್ 100ರ ಹತ್ತಿರ, ಪ್ರೊಸೆಸರ್ ಮಾತ್ರ ಆರಾಮಾಗಿ ಕೂತಿದ್ದರೆ ನನ್ನ ಊಹೆ ಸರಿ. ನಿಮ್ಮ ಐ3 ಈ ಕೆಲಸಕ್ಕೆ ಇನ್ನೂ ಸಾಕು.

ಹಾಗಾಗಿ 500 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಬಹಳ ವೇಗದ ಡಿಸ್ಕ್), ಜೊತೆಗೆ 8 ಜಿಬಿಯ ಒಂದು ಡಿಡಿಆರ್4 ರ‍್ಯಾಮ್. ನಿಮ್ಮ ಬೋರ್ಡಿನಲ್ಲಿ ರ‍್ಯಾಮಿಗೆ ಎರಡನೇ ಜಾಗ ಖಾಲಿ ಇರಬೇಕು, ಮುಚ್ಚಳ ತೆಗೆದಾಗ ಖಚಿತ ಮಾಡಿಕೊಳ್ಳಿ. ಎಸ್‌ಎಸ್‌ಡಿ ಎರಡೂವರೆ ಇಂಚಿನ ಸಾಟಾ ಮಾದರಿಯದೇ ಇರಲಿ; ಆ ಕಾಲದ ಅಗ್ಗದ ಬೋರ್ಡುಗಳಲ್ಲಿ ಪಟ್ಟಿಯಂತಿರುವ ಎಂ.2 ಹಾಕಲು ಜಾಗ ಇರುವುದು ಅಪರೂಪ. ಇವೆರಡರಲ್ಲಿ ಒಂದೇ ಸಾಧ್ಯ ಅಂದರೆ ಎಸ್‌ಎಸ್‌ಡಿ ಮೊದಲು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಕಳೆದ ವರ್ಷದ ದರ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಬಳಸಿದ ರ‍್ಯಾಮ್ ಸಿಕ್ಕರೂ ಚಿಂತೆಯಿಲ್ಲ, ಅದು ಸುಲಭಕ್ಕೆ ಕೆಡುವ ವಸ್ತುವಲ್ಲ. ಬಳಸಿದ ಎಸ್‌ಎಸ್‌ಡಿ ಮಾತ್ರ ಬೇಡ.

ಇಷ್ಟಕ್ಕೇ ಬಿಟ್ಟುಬಿಡಿ ಎಂದು ಹೇಳಲು ಒಂದೇ ಒಂದು ಅಡ್ಡಿ ಇದೆ, ಅದು ಚಿಕ್ಕದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಹೇಳಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದು ನೋಡಿ. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ನಿಮ್ಮದು 7ನೆಯದು, ಒಂದೇ ಮೆಟ್ಟಿಲು ಕೆಳಗೆ. ತಪಾಸಣೆ ತಪ್ಪಿಸಿ 11 ಹಾಕಿಕೊಡುವವರು ಇದ್ದಾರೆ, ಹಾಗೆ ಹಾಕಿದ ಕಂಪ್ಯೂಟರ್ ಓಡುತ್ತದೆ ಕೂಡ. ಆದರೆ ಅಂಥವಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂದು ಕಂಪನಿ ಮಾತು ಕೊಡುವುದಿಲ್ಲ. ಬರೀ ನಿಮ್ಮ ಫೋಟೋ, ಹಾಡು ಇದ್ದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಹದಿನಾಲ್ಕು ಅಂಗಡಿಗಳ ಪಾಸ್‌ವರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ಡಿಜಿಟಲ್ ಸಹಿ ಆ ಡಬ್ಬದಲ್ಲಿವೆ. ಅವರು ನಿಮ್ಮನ್ನು ನಂಬಿ ಕೊಟ್ಟಿದ್ದಾರೆ. ವಿಂಡೋಸ್ ಬದಲು ಲಿನಕ್ಸ್ ಹಾಕಿ ಅನ್ನೋಣ ಅಂದರೆ ಟ್ಯಾಲಿಪ್ರೈಮ್ ವಿಂಡೋಸಿಗೆಂದೇ ಮಾಡಿದ್ದು.

ಅದಕ್ಕೇ ನಾನು ಹೇಳುವ ಖರ್ಚಿನ ಕ್ರಮ ಹೀಗಿದೆ: ಮುಂದಿನ ಕಂಪ್ಯೂಟರಿಗೂ ಹೋಗುವ ವಸ್ತುಗಳನ್ನು ಮೊದಲು ಕೊಳ್ಳಿ. ಮಾನಿಟರ್ ಹತ್ತು ವರ್ಷ ಬರುತ್ತದೆ, ಯಾವ ಸಿಪಿಯುಗೂ ಹೊಂದುತ್ತದೆ. ಎಸ್‌ಎಸ್‌ಡಿಯನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಡಿಡಿಆರ್4 ರ‍್ಯಾಮ್ ಕೂಡ, ಮುಂದಿನ ಬೋರ್ಡ್ ಡಿಡಿಆರ್4ರದ್ದಾದರೆ. ಸಿಪಿಯು ಬದಲಾವಣೆ ಕಡೆಗೆ, ಆದರೆ ಆ ಅಕ್ಟೋಬರ್ ತಾರೀಕು ಮೀರದ ಹಾಗೆ.

ಸಿಪಿಯು ಬದಲಿಸುವಾಗ ನಿಮ್ಮ ಮುಂದಿರುವುದು ಎರಡು ದಾರಿ. ಪಕ್ಕದ ಮನೆಯವರು ಹೇಳಿದ್ದು ತೆಗೆದುಹಾಕುವ ಮಾತಲ್ಲ. ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದ ಡೆಸ್ಕ್‌ಟಾಪ್‌ಗಳನ್ನು ಸಗಟಾಗಿ ಹೊರಹಾಕುತ್ತವೆ. ಅವೇ ಸ್ವಚ್ಛವಾಗಿ 'ರಿಫರ್ಬಿಶ್ಡ್' ಹೆಸರಲ್ಲಿ ಎಸ್‌.ಪಿ. ರಸ್ತೆಗೆ ಬರುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಈ ಬಗೆಯವು. ಆಫೀಸಿನಲ್ಲಿ ದಿನವಿಡೀ ಓಡಲೆಂದೇ ಮಾಡಿದ ಗಟ್ಟಿ ಯಂತ್ರಗಳು, ಹೊಸದಕ್ಕಿಂತ ಬಹಳ ಅಗ್ಗ. 8ನೇ ತಲೆಮಾರಿನ ಐ5-8500 ಇರುವುದು ಸಿಕ್ಕರೆ ನಿಮ್ಮ ಕೆಲಸಕ್ಕೆ ಐದಾರು ವರ್ಷ ಧಾರಾಳ ಸಾಕು ಎಂದು ನನ್ನ ಅನುಭವ. ಅವುಗಳಲ್ಲಿ ಹೆಚ್ಚಿನವಕ್ಕೆ ಎರಡು ಡಿಸ್‌ಪ್ಲೇಪೋರ್ಟ್ ಇರುತ್ತವೆ. ಎಚ್‌ಡಿಎಂಐ ಥರವೇ ಕಾಣುತ್ತದೆ, ಒಂದೇ ಮೂಲೆ ಕತ್ತರಿಸಿದಂತಿರುತ್ತದೆ.

ಅಪಾಯಗಳೂ ಇವೆ. ತಲೆಮಾರು ಹೇಳದೆ 'ಐ5' ಎಂದಷ್ಟೇ ಹೇಳಿ 4ನೇ, 6ನೇ ತಲೆಮಾರಿನದನ್ನು ಕೊಟ್ಟುಬಿಡುತ್ತಾರೆ. ಐ5ರ ಮುಂದಿನ ಸಂಖ್ಯೆ 8ರಿಂದ ಶುರುವಾಗಬೇಕು, ಅಥವಾ 9, ಇಲ್ಲವೇ 10ರಿಂದ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನದೇ ಸೆಟ್ಟಿಂಗ್ ಪುಟ) ಹಳೆಯ ಕಂಪನಿಯ ಪಾಸ್‌ವರ್ಡ್ ಹಾಗೇ ಉಳಿದಿರಬಹುದು, ಅಂಗಡಿಯಲ್ಲೇ ಬಯಾಸ್ ತೆರೆಸಿ ನೋಡಿ. ಚಪ್ಪಟೆ ಪೆಟ್ಟಿಗೆಗಳ ಪವರ್ ಸಪ್ಲೈ ಆ ಕಂಪನಿಯದ್ದೇ ಆಕಾರ. ಕೆಟ್ಟರೆ ಸಾಮಾನ್ಯ ಅಂಗಡಿಯದು ಕೂರುವುದಿಲ್ಲ. ಪುಸ್ತಕದ ಗಾತ್ರದ ಪುಟ್ಟ ಮಾದರಿಗಳಿಗೆ ಲ್ಯಾಪ್‌ಟಾಪಿನ ರ‍್ಯಾಮ್ ಬೇಕು, ನೀವು ಕೊಂಡ ದೊಡ್ಡ ರ‍್ಯಾಮ್ ಅಲ್ಲಿ ಹಿಡಿಸುವುದಿಲ್ಲ. ವಿಂಡೋಸ್ ಅಸಲಿಯೇ ಎಂದು ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ನೋಡಿಕೊಳ್ಳಿ. ಎರಡೂ ಡಿಸ್‌ಪ್ಲೇಪೋರ್ಟಿಗೆ ಅಲ್ಲೇ ಮಾನಿಟರ್ ಹಾಕಿಸಿ ನೋಡದೆ ದುಡ್ಡು ಕೊಡಬೇಡಿ. ಜಿಎಸ್‌ಟಿ ಬಿಲ್ ಮತ್ತು ಕನಿಷ್ಠ ಆರು ತಿಂಗಳ ಅಂಗಡಿ ವಾರಂಟಿ ಕಾಗದದ ಮೇಲೆ ಬರೆಸಿಕೊಳ್ಳಿ. ಬಿಲ್ಲಿನ ಮಹತ್ವ ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ದಾರಿ ಹೊಸದು: ಐ3-12100, ಡಿಡಿಆರ್4 ಹಿಡಿಸುವ ಎಚ್‌610 ಬೋರ್ಡ್, ನಿಮ್ಮದೇ ಎಸ್‌ಎಸ್‌ಡಿ ಮತ್ತು ರ‍್ಯಾಮ್. ಮೂರು ವರ್ಷದ ಕಂಪನಿ ವಾರಂಟಿ ಸಿಗುತ್ತದೆ, ನಾಳೆ ಕೆಟ್ಟರೆ ಯಾವ ಬಿಡಿಭಾಗವಾದರೂ ಸಿಗುತ್ತದೆ. ಈ ಬೋರ್ಡುಗಳಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇರುವುದನ್ನು ಕೇಳಿ ತೆಗೆದುಕೊಂಡರೆ ನಿಮ್ಮ ಹಳೆಯ ಮಾನಿಟರ್ ಕನ್ವರ್ಟರ್ ಇಲ್ಲದೆ ನಡೆಯುತ್ತದೆ. ಖರ್ಚು ರಿಫರ್ಬಿಶ್ಡ್‌ಗಿಂತ ಹೆಚ್ಚು. ದುಡಿಮೆಯ ಯಂತ್ರ ಒಂದು ದಿನ ನಿಂತರೂ ನಷ್ಟ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದು ಒಂದೆರಡು ದಿನ ಸುಧಾರಿಸಬಲ್ಲವರಿಗೆ ರಿಫರ್ಬಿಶ್ಡ್.

ಮಾನಿಟರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ದಿನಕ್ಕೆ ಹತ್ತು ಗಂಟೆ ನೀವು ನೋಡುವುದು ಅದನ್ನು. 27 ಇಂಚು ದೊಡ್ಡದು, ಒಳ್ಳೆಯದು ಎಂದು ತೋರುತ್ತದೆ. ಆದರೆ ಅಗ್ಗದ 27 ಇಂಚಿನಲ್ಲೂ ಚುಕ್ಕೆಗಳು ಅದೇ 1920 ಗುಣಿಸು 1080. ಅದೇ ಹಿಟ್ಟಿನಲ್ಲಿ ದೊಡ್ಡ ರೊಟ್ಟಿ ತಟ್ಟಿದ ಹಾಗೆ, ತೆಳ್ಳಗಾಗುತ್ತದೆ. ಒಂದು ಇಂಚಿಗೆ 82 ಚುಕ್ಕೆ ಮಾತ್ರ. ಎಕ್ಸೆಲ್‌ನ ಸಣ್ಣ ಅಂಕಿಗಳ ಅಂಚು ಹರಿದಂತೆ ಕಾಣುತ್ತದೆ, ಕನ್ನಡದ ಒತ್ತಕ್ಷರಗಳಂತೂ ಕಲಸಿಹೋಗುತ್ತವೆ. ಟ್ಯಾಲಿಯಲ್ಲಿ ಹೆಚ್ಚು ಸಾಲುಗಳೂ ಕಾಣುವುದಿಲ್ಲ, ಅವೇ ಸಾಲುಗಳು ದಪ್ಪಗೆ ಕಾಣುತ್ತವೆ ಅಷ್ಟೆ. 27 ಇಂಚು ಬೇಕಿದ್ದರೆ 2560 ಗುಣಿಸು 1440 ಇರುವುದನ್ನೇ ಕೊಳ್ಳಬೇಕು, ಅದರ ಬೆಲೆ ಬೇರೆ.

ಹಾಗಾದರೆ 22 ಇಂಚೋ 24 ಇಂಚೋ? ಸಾಮಾನ್ಯವಾಗಿ ಕೇಳಿದರೆ ಎರಡೂ ಚೆನ್ನ ಅನ್ನುತ್ತೇನೆ. ನಿಮ್ಮ ಮನೆಯಲ್ಲಿ 18.5 ಇಂಚಿನದು ಇರುವುದರಿಂದ ಉತ್ತರ ಖಚಿತವಾಗಿ 24. ಕಾರಣ ಹೀಗೆ: ನಿಮ್ಮ ಹಳೆಯದರಲ್ಲಿ 1366 ಗುಣಿಸು 768 ಚುಕ್ಕೆ ಇದ್ದರೆ, ಆ ಅಳತೆಯವುಗಳಲ್ಲಿ ಅದೇ ಹೆಚ್ಚು, ಇಂಚಿಗೆ ಸುಮಾರು 85 ಚುಕ್ಕೆ. 24 ಇಂಚಿನದರಲ್ಲಿ 92, 22 ಇಂಚಿನದರಲ್ಲಿ 100ರ ಮೇಲೆ. ಒಂದು ವಿಂಡೋವನ್ನು ಹಳೆಯದರಿಂದ ಹೊಸದಕ್ಕೆ ಎಳೆದಾಗ 24ರಲ್ಲಿ ಅಕ್ಷರದ ಗಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. 22ರಲ್ಲಿ ಥಟ್ಟನೆ ಕುಗ್ಗುತ್ತದೆ, ಕಣ್ಣು ದಿನವಿಡೀ ಹೊಂದಿಕೊಳ್ಳುತ್ತಲೇ ಇರಬೇಕು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಮನೆಗೆ ತಂದ ಮೇಲೆ ಗೊತ್ತಾಗುತ್ತದೆ.

ಐಪಿಎಸ್ ಪ್ಯಾನಲ್ ಎಂದು ಕೇಳಿ. ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಎರಡು ಪರದೆಯಲ್ಲಿ ಒಂದನ್ನು ಯಾವಾಗಲೂ ಓರೆಯಿಂದಲೇ ನೋಡುತ್ತೇವೆ. ಈಗ ಇಂಥ 24 ಇಂಚಿನ ಹೊಸ ಮಾನಿಟರ್ ಎಂಟು-ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. 100 ಹರ್ಟ್ಸ್ ಎಂದು ಬರೆದಿದ್ದರೆ ಸಂತೋಷ, ಅದಕ್ಕೆಂದೇ ಹೆಚ್ಚು ಕೊಡಬೇಡಿ. ಸ್ಪೀಕರ್ ಒಳಗಿದೆ ಅನ್ನುವುದಕ್ಕೂ ಬೇಡ. ಹಿಂಭಾಗದಲ್ಲಿ ಗೋಡೆಗೆ ಹಾಕಲು ನಾಲ್ಕು ಸ್ಕ್ರೂ ತೂತು ಇವೆಯೇ ನೋಡಿ, ಮುಂದೆ ಸ್ಟ್ಯಾಂಡ್ ಹಾಕಿಸಲು ಬೇಕಾಗುತ್ತದೆ. ಹೊಸ ಮಾನಿಟರನ್ನು ಎಚ್‌ಡಿಎಂಐಗೆ ಹಾಕಿ, ಹಳೆಯದು ನೀಲಿ ಪಿನ್ನಿನಲ್ಲಿ ಇರಲಿ. ನಾಳೆ ರಿಫರ್ಬಿಶ್ಡ್ ಡಬ್ಬಕ್ಕೆ ಹೋದರೆ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ವೈರ್ ಕೇಳಿ. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವುದು ಬೇರೆ. ನೋಡಲು ಎರಡೂ ಒಂದೇ, ದಿಕ್ಕು ತಪ್ಪಿದರೆ ಚಿತ್ರ ಬರುವುದಿಲ್ಲ.

ಮೇಜು ಮೂರು ಅಡಿಯದು ಎಂದು ಫೋಟೋದ ಜೊತೆ ಬರೆದಿದ್ದೀರಿ, ಅಂದರೆ 91 ಸೆಂಟಿಮೀಟರ್. 24 ಇಂಚಿನ ಎರಡು ಮಾನಿಟರ್ ಒತ್ತೊತ್ತಾಗಿ ಇಟ್ಟರೆ 108 ಸೆಂಟಿಮೀಟರ್ ದಾಟುತ್ತದೆ. 24 ಮತ್ತು ನಿಮ್ಮ 18.5 ಸೇರಿ 98ರ ಹತ್ತಿರ. ಚಿಕ್ಕದನ್ನು ನಿಮ್ಮ ಕಡೆಗೆ ಓರೆಯಾಗಿ ತಿರುಗಿಸಿದರೆ ಕೂರುತ್ತದೆ. ದೊಡ್ಡದು ಎದೆಗೆ ನೇರವಾಗಿರಲಿ, ಅದರಲ್ಲಿ ಟ್ಯಾಲಿ. ಚಿಕ್ಕದರಲ್ಲಿ ಜಿಎಸ್‌ಟಿಆರ್-2ಬಿ (ಖರೀದಿಯ ತೆರಿಗೆ ಪಟ್ಟಿ) ಅಥವಾ ಪಾರ್ಟಿಯ ಬಿಲ್ಲಿನ ಪಿಡಿಎಫ್. ಎರಡರ ಮೇಲಂಚೂ ಕಣ್ಣಿನ ಮಟ್ಟಕ್ಕಿರಲಿ, ಚಿಕ್ಕದರ ಕೆಳಗೆ ದಪ್ಪ ಪುಸ್ತಕವೊಂದನ್ನು ಇಟ್ಟರಾಯಿತು. ಹಾಗೆ ಮಾಡದವರು ಕುತ್ತಿಗೆ ನೋವು ಎಂದು ಆರು ತಿಂಗಳಲ್ಲಿ ಎರಡನೇ ಮಾನಿಟರ್ ತೆಗೆದಿಟ್ಟಿರುವುದನ್ನು ನೋಡಿದ್ದೇನೆ.

ನಿಮ್ಮಲ್ಲಿ 600 ವಿಎ ಯುಪಿಎಸ್ ಇದ್ದರೆ ಅದೇ ಸಾಕು. ಎಲ್‌ಇಡಿ ಮಾನಿಟರ್ ಒಂದಕ್ಕೆ ಸುಮಾರು 20 ವ್ಯಾಟ್, ಅದು ಭಾರವೇ ಅಲ್ಲ. ಆದರೆ ಅದರ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್. ಹೊಸದಿದ್ದಾಗಲೂ ಬಳಕೆಗೆ ಸಿಗುವುದು ಕಾಲು ಗಂಟೆ, ಇಪ್ಪತ್ತು ನಿಮಿಷ. ಬೆಸ್ಕಾಂ ಕರೆಂಟ್ ಹೋದಾಗ ಸೇವ್ ಮಾಡಿ ಮುಚ್ಚಲು ಸಾಕು. ಸಿಪಿಯು, ದೊಡ್ಡ ಮಾನಿಟರ್ ಮತ್ತು ವೈಫೈ ರೌಟರ್ ಮೂರನ್ನು ಯುಪಿಎಸ್‌ಗೆ ಹಾಕಿ. ಚಿಕ್ಕ ಮಾನಿಟರ್ ನೇರ ಗೋಡೆಯ ಪ್ಲಗ್ಗಿಗೆ. ಲೇಸರ್ ಪ್ರಿಂಟರ್ ಇದ್ದರೆ ಯುಪಿಎಸ್‌ಗೆ ಎಂದಿಗೂ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟನ್ನು ಈ ಅಳತೆಯದು ತಾಳುವುದಿಲ್ಲ.

ಎಸ್‌.ಪಿ. ರಸ್ತೆಗೆ ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅಲ್ಲಿಂದ ನಡೆದು ಹೋಗಬಹುದು. ಎರಡು-ಮೂರು ಅಂಗಡಿಯಲ್ಲಿ ಮಾಡೆಲ್ ಹೆಸರು ಸಮೇತ ಬರೆಸಿಕೊಳ್ಳಿ. '24 ಇಂಚಿನ ಮಾನಿಟರ್' ಎಂದಷ್ಟೇ ಬರೆದ ಚೀಟಿಯಿಂದ ಏನನ್ನೂ ಹೋಲಿಸಲಾಗದು. ಮಾನಿಟರನ್ನು ಅಲ್ಲೇ ಡಬ್ಬ ಬಿಚ್ಚಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ ಸತ್ತ ಚುಕ್ಕೆ ಇದೆಯೇ ನೋಡಿ. ಒಂದೆರಡು ಚುಕ್ಕೆಗೆ ಕಂಪನಿಗಳು ಆಮೇಲೆ ಬದಲಿಸಿಕೊಡುವುದು ಕಷ್ಟ.

ಕಡೆಯದಾಗಿ, ದಿನ ನೋಡಿಕೊಂಡು ಮಾಡಿ. ಮಾನಿಟರ್ ಯಾವತ್ತು ಬೇಕಾದರೂ ಹಾಕಿಕೊಳ್ಳಿ, ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಎಸ್‌ಎಸ್‌ಡಿ ಹಾಕಿಸುವುದು ತಿಂಗಳ 21ರ ಮೇಲೆ, ಜಿಎಸ್‌ಟಿಆರ್-3ಬಿ ರಿಟರ್ನ್ ಎಲ್ಲ ಹೋದ ನಂತರ. ಹಿಂದಿನ ದಿನ ಟ್ಯಾಲಿ ಡೇಟಾ ಬ್ಯಾಕಪ್ ತೆಗೆದು ಪೆನ್ ಡ್ರೈವಿಗೆ ಹಾಕಿ, ಪೆನ್ ಡ್ರೈವ್ ನಿಮ್ಮ ಹತ್ತಿರವೇ ಇರಲಿ, ಕೆಲಸ ಮಾಡುವ ಹುಡುಗನ ಕೈಗೆ ಬೇಡ. ಹಳೆಯ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ, ಅಂದರೆ ಇದ್ದದ್ದು ಇದ್ದ ಹಾಗೇ ನಕಲು. ಹಳೆಯ ಡಿಸ್ಕಿನಲ್ಲಿರುವುದನ್ನು ಅಳಿಸಿ ಒಳಗೇ ಬಿಡುತ್ತೇನೆ ಎಂದರೆ ಒಪ್ಪಬೇಡಿ. ಬಿಚ್ಚಿಸಿ ಮನೆಗೆ ತನ್ನಿ. ಮುಂದಿನ ತಿಂಗಳ 11 ಮತ್ತು 20, ರಿಟರ್ನಿನ ಎರಡೂ ಗಡುವು ದಾಟಿ ಹದಿನಾಲ್ಕೂ ಅಂಗಡಿಯ ರಿಟರ್ನ್ ಹೋಗುವವರೆಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿರಿ.